ಗಾಳಿಗೆ ಬಿದ್ದ ಸಿಲ್ವರ್

2022ರ ಜುಲೈ ಮೊದಲ ವಾರ. ಮೂಡಿಗೆರೆ ಹತ್ತಿರದ ದೊಡ್ಡಪ್ಪನ ತೋಟಕ್ಕೆ ಹೋಗಿದ್ದೆ. ಮಳೆ ಹಿಡಿದುಕೊಂಡಿತ್ತು. ಕರೆಂಟ್ ಹೋಗಿ ಎರಡು ದಿನ. ರಾತ್ರಿಯ ಗಾಳಿಗೆ ಗೇಟಿನ ಪಕ್ಕದ ಸಿಲ್ವರ್ ಓಕ್ ಮರ ಬುಡಸಮೇತ ಮಗುಚಿಕೊಂಡಿತ್ತು. ಅದಕ್ಕೆ ಹಬ್ಬಿಸಿದ್ದ ಮೆಣಸಿನ ಬಳ್ಳಿಯೂ ಹೋಯಿತು. ದೊಡ್ಡಪ್ಪ ಮರಕ್ಕಿಂತ ಬಳ್ಳಿಗೇ ಜಾಸ್ತಿ ಮರುಗಿದರು. ಫಸಲು ಕೊಡುತ್ತಿದ್ದ ಬಳ್ಳಿ, ಹೊಟ್ಟೆ ಉರಿಯದೆ ಇರುತ್ತಾ?

ಅಷ್ಟರಲ್ಲಿ ಪೇಪರ್ ಬಂತು. ಒಲೆ ಮುಂದೆ ಕೂತು ಓದುತ್ತಿದ್ದವರು ಕೇಳಿದರು, ‘ವಿಂಡ್‌ಫಾಲ್ ಟ್ಯಾಕ್ಸ್ ಅಂದ್ರೆ ಎಂಥದಾ?’

ನಾನು ಕಾಫಿಗೆ ಬೆಲ್ಲ ಸಾಲದೆ ಡಬ್ಬಿ ಹುಡುಕುತ್ತಿದ್ದೆ. ತಿರುಗದೆಯೇ ಹೇಳಿದೆ, ‘ವಿಂಡ್ ಅಂದ್ರೆ ಗಾಳಿ, ಫಾಲ್ ಅಂದ್ರೆ ಬೀಳೋದು.’ ಸುಮ್ನೆ ಪದ ಬಿಡಿಸಿದ್ದಷ್ಟೇ.

ಡಬ್ಬಿ ಸಿಕ್ಕಿ ತಿರುಗಿದರೆ ದೊಡ್ಡಪ್ಪ ಇಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಗೇಟಿನ ಹತ್ತಿರ ನಿಂತು ತೋಟದ ಲೆಕ್ಕ ಬರೆಯುವ ರೈಟರ್‌ಗೆ ಹೇಳುತ್ತಿದ್ದಾರೆ: ‘ಯಾರು ಬಂದು ಕೇಳಿದ್ರೂ ಗಾಳಿಗೆ ಬಿದ್ದಿದ್ದು ಅನ್ಬೇಡ ಮಾರಾಯ. ನಾವೇ ಕಡಿಸಿದ್ದು ಅನ್ನು.’

ರೈಟರ್ ಬುಡದ ಕಡೆ ನೋಡಿದ. ಬೇರು ಒಂದಾಳೆತ್ತರ ಮಣ್ಣು ಹೊತ್ತು ನಿಂತಿತ್ತು.

ಅವರನ್ನು ಒಳಗೆ ಕರೆತರುವಷ್ಟರಲ್ಲಿ ಕಾಫಿ ಆರಿತ್ತು. ಅದು ಮರದ ಮೇಲಿನ ತೆರಿಗೆ ಅಲ್ಲ, ಕಚ್ಚಾ ತೈಲದ್ದು, ಟನ್ನಿಗೆ 23,250 ರೂಪಾಯಿ ಎಂದೆ. ಉಕ್ರೇನ್ ಯುದ್ಧದಿಂದ ರೇಟು ಏರಿ ಕಂಪನಿಗಳಿಗೆ ಅನಾಯಾಸವಾಗಿ ಬಂದ ಲಾಭಕ್ಕೆ ಹಾಕಿದ್ದು.

‘ಲಾಭಕ್ಕೂ ಗಾಳಿಗೂ ಏನು ಸಂಬಂಧ?’

ಇಂಗ್ಲೆಂಡಿನಲ್ಲಿ 15ನೇ ಶತಮಾನದಲ್ಲಿ ಈ ಪದಕ್ಕೆ ಗಾಳಿಗೆ ಉದುರಿದ ಹಣ್ಣು, ಬಿದ್ದ ಮರ ಎಂದೇ ಅರ್ಥವಿತ್ತು. ಕೊಯ್ಯೋ ಕೆಲಸ ಇಲ್ಲ, ಹೆಕ್ಕಿಕೊಂಡರಾಯಿತು. ನೂರು ವರ್ಷದೊಳಗೆ ಅದೇ ಪದ ಪುಕ್ಕಟೆ ಲಾಭಕ್ಕೂ ಬಂತು.

‘ಹೆಕ್ಕೋನಿಗೆ ಲಾಭ ಸರಿ. ತೋಟದೋನಿಗೆ?’

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಮೂಡಿಗೆರೆಯಲ್ಲಿ ಈ ಪದ ಹುಟ್ಟಿದ್ದರೆ ಅರ್ಥ ಉಲ್ಟಾ ಇರುತ್ತಿತ್ತು. ಆಷಾಢದ ಗಾಳಿಗೆ ಕಾಫಿ ಕಾಯಿ ಉದುರಿದ್ದನ್ನು ಅದೃಷ್ಟ ಅಂದವರನ್ನು ನಾನಂತೂ ನೋಡಿಲ್ಲ.

2024ರ ಡಿಸೆಂಬರ್‌ನಲ್ಲಿ ಸರ್ಕಾರ ಆ ತೆರಿಗೆ ತೆಗೆಯಿತು. ಫೋನ್ ಮಾಡಿ ಹೇಳಿದೆ.

‘ಈಗ ತೆಗೆದು ಏನು ಮಾಡ್ತಾರೆ?’ ಎಂದರು ದೊಡ್ಡಪ್ಪ. ‘ಹೆದರಿಕೊಂಡು ಮರುದಿನವೇ ತುಂಡು ಮಾಡಿಸಿದ್ದೆ. ನಾಟಾಕ್ಕೆ ಹೋಗೋ ಮರ. ಬಚ್ಚಲ ಒಲೆಗೆ ಹಾಕಿ ಸ್ನಾನ ಮಾಡಿ ಮುಗೀತು.’