ಕಾರವಾರದ ಯುದ್ಧಕಾಲದ ಕಾದಂಬರಿಯಲ್ಲಿ ಗುಟ್ಟು ನಿಲ್ಲಬೇಕಾದರೆ

ಯುದ್ಧಕಾಲದ ಕುಟುಂಬಕಥೆ ಬರೆಯಲು ಹೊರಟ ಹೊಸಬರ ಹಸ್ತಪ್ರತಿಯಲ್ಲಿ ಒಂದು ಟ್ರಂಕು ಇದ್ದೇ ಇರುತ್ತದೆ. ಅಟ್ಟದ ಮೇಲೆ ಟ್ರಂಕು, ಅದರೊಳಗೆ ದಾರ ಸುತ್ತಿದ ಪತ್ರಗಳು. ಮೊಮ್ಮಗಳು ಓದುತ್ತಾಳೆ, ಅಜ್ಜಿಯ ಗುಟ್ಟು ಹೊರಬೀಳುತ್ತದೆ. ಚಳಿದೇಶದ ಒಣ ಮನೆಯಲ್ಲಿ ಇದು ನಡೆದೀತು. ಕಾರವಾರ, ಅಂಕೋಲಾ, ಕುಮಟಾ ಕಡೆಯ ಅಟ್ಟದಲ್ಲಿ ಎಪ್ಪತ್ತು ಮಳೆಗಾಲ ಕಂಡ ಕಾಗದ ಒರಲೆಯ ಪಾಲಾಗಿರುತ್ತದೆ. ಗುಟ್ಟನ್ನು ಯಾರು ಮುಚ್ಚಿಟ್ಟರು ಎಂದು ಯೋಚಿಸುವ ಮೊದಲು, ಅಷ್ಟು ವರ್ಷ ಅದು ಮುಚ್ಚಿಕೊಂಡೇ ಇರಲು ಆಗಿನ ಸಮುದ್ರ, ಕಾನೂನು, ಗಡಿ ಹೇಗೆ ಎಡೆಮಾಡಿಕೊಟ್ಟವು ಎಂದು ಲೆಕ್ಕ ಹಾಕಬೇಕು. ನಮ್ಮ ಜಿಲ್ಲೆಯಲ್ಲಿ ಆ ಲೆಕ್ಕವೇ ಅರ್ಧ ಕಥೆ.

ಎರಡನೇ ಮಹಾಯುದ್ಧ ನಡೆದಿದ್ದ 1944ರ ಏಪ್ರಿಲ್ 14ನ್ನು ತೆಗೆದುಕೊಳ್ಳಿ. ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿಯಿತು. ಸುಮಾರು 1400 ಟನ್ ಸ್ಫೋಟಕ ಇದ್ದ ಹಡಗಿಗೇ ಹತ್ತಿಯ ಬೇಲುಗಳನ್ನೂ ತುಂಬಿದ್ದರು. ಮೊದಲು ಹತ್ತಿಗೆ ಬೆಂಕಿ ಬಿತ್ತು. ಸತ್ತವರ ಅಂದಾಜು 800ರಿಂದ 1300ರವರೆಗೆ ಇದೆ. ಗುರುತು ಹಿಡಿಯಲಾರದ ದೇಹಗಳೂ, ದೇಹವೇ ಸಿಗದವರೂ ಅದರಲ್ಲಿ ಸೇರಿದ್ದಾರೆ. ಮರುದಿನವೇ ಜಪಾನೀಯರ ಹಿಡಿತದಲ್ಲಿದ್ದ ಸೈಗಾನ್ ರೇಡಿಯೊ ಸುದ್ದಿ ಬಿತ್ತರಿಸಿತು. ಸರಕಾರ ಮಾತ್ರ ವರದಿಗಾರರಿಗೆ ಸುದ್ದಿ ಕಳಿಸಲು ಬಿಟ್ಟದ್ದು ಮೇ ತಿಂಗಳ ಎರಡನೇ ವಾರದಲ್ಲಿ. ಅಷ್ಟರಲ್ಲಿ ಮಳೆಗಾಲ ಹತ್ತಿರ ಬಂದು ಕರಾವಳಿಯ ಆಗಬೋಟು (ಉಗಿಹಡಗು) ನಿಲ್ಲುವ ಹೊತ್ತು. ಆಮೇಲೆ ಮುಂಬಯಿಗೆ ಹುಡುಕಿಕೊಂಡು ಹೋಗುವವರು ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ರೈಲು ಹಿಡಿಯಬೇಕು. ಡಾಕ್‌ನಲ್ಲಿ ಕೆಲಸಕ್ಕಿದ್ದ ಮಗನ ಸುದ್ದಿ ಮನೆಗೆ ಮೊದಲು ಬರುವುದು ಆಗಬೋಟಿನಿಂದ ಇಳಿದ ಯಾರದೋ ಬಾಯಿಂದ. ತಾರು, ಪತ್ರಿಕೆ ಎಲ್ಲ ಅದರ ನಂತರ. ಆ ಮಾತನ್ನು ಕೇಳಿಸಿಕೊಂಡ ಒಬ್ಬನೇ ಒಬ್ಬ ಅದನ್ನು ಒಳಮನೆಗೆ ಹೇಳದೆ ಉಳಿದರೆ ಸಾಕು, ಗುಟ್ಟು ಹುಟ್ಟಿತು. ಇದಕ್ಕೆ ಟ್ರಂಕೇನೂ ಬೇಡ.

ಹಾಗೆ ಹೇಳದೆ ಉಳಿಯಲು ಕಾರಣ ಏನು? ಇಲ್ಲಿ ಬಹಳ ಜನ ಬರಹಗಾರರು ಮರ್ಯಾದೆ, ಪ್ರೀತಿ ಎಂದು ತೇಲಿಸಿಬಿಡುತ್ತಾರೆ. ಆಸ್ತಿಯ ಕಡೆಗೆ ನೋಡಿ. 1937ರ ಹಿಂದೂ ಮಹಿಳೆಯರ ಆಸ್ತಿ ಹಕ್ಕು ಕಾಯಿದೆಯಿಂದ ಕೂಡುಕುಟುಂಬದ ಆಸ್ತಿಯಲ್ಲಿ ಗಂಡನ ಹಿಸ್ಸೆ ವಿಧವೆಗೆ ಜೀವಮಾನದ ಮಟ್ಟಿಗೆ ಸಿಗುವಂತಾಗಿತ್ತು. ಅವನು ಸತ್ತರೆ ಅವಳು ಹಿಸ್ಸೆ ಕೇಳಬಹುದು. ಅವನು ಎಲ್ಲೋ ಇದ್ದಾನೆ ಎಂದಾದರೆ ಕೇಳುವಂತಿಲ್ಲ. ಅಂದರೆ ಅವನನ್ನು ಮಾತಿನಲ್ಲಿ ಬದುಕಿಸಿಡುವುದು ಭಾವ, ಮೈದುನರಿಗೆ ಲಾಭ. 1872ರ ಸಾಕ್ಷ್ಯ ಕಾಯಿದೆಯ 108ನೇ ಕಲಮಿನ ಪ್ರಕಾರ ಏಳು ವರ್ಷ ಸುದ್ದಿಯೇ ಇಲ್ಲದವನು ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕಿತ್ತು. ಸಂಪ್ರದಾಯದಲ್ಲಿ ಕಾಯುವುದು ಹನ್ನೆರಡು ವರ್ಷ. ಆಮೇಲೆ ದೇಹದ ಬದಲು ಮುತ್ತುಗದ 360 ತೊಟ್ಟುಗಳಿಂದ ಆಕೃತಿ ಮಾಡಿ, ದರ್ಭೆ ಸುತ್ತಿ, ದಹನ ಮಾಡುವ ಪಾಲಾಶವಿಧಿ. 1944ಕ್ಕೆ ಏಳು ಕೂಡಿಸಿ, 1951. ಹನ್ನೆರಡು ಕೂಡಿಸಿ, 1956. ನಡುವಿನ ಐದು ವರ್ಷ ಆ ಹೆಂಗಸು ಕೋರ್ಟಿನಲ್ಲಿ ವಿಧವೆ, ಮನೆಯಲ್ಲಿ ಕುಂಕುಮದವಳು. 1956ರ ಜೂನ್‌ನಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬರುತ್ತದೆ, ನವೆಂಬರ್ 1ಕ್ಕೆ ಜಿಲ್ಲೆಯೇ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರುತ್ತದೆ. ಈ ಐದು ವರ್ಷದ ಮೇಲೆಯೇ ಪೂರ್ತಿ ಕಾದಂಬರಿ ಬರೆಯಬಹುದು. ದುಃಖ ಪಡಲೂ ಅನುಮತಿ ಇಲ್ಲದ ಹೆಂಗಸಿನ ಕಥೆ ಅದು, ಯಾರಾದರೂ ಬರೆಯಲೇಬೇಕು.

ಇನ್ನು "ಅವ ಗೋವಾದಲ್ಲಿ ಇದ್ದಾನಂತೆ" ಎಂಬ ಮಾತು. ಕಾರವಾರದಲ್ಲಿ ಇದನ್ನು ನಂಬುವುದು ಸುಲಭವಿತ್ತು. ಪೋರ್ಚುಗಲ್ ತಟಸ್ಥ ದೇಶ, ಮಾಜಾಳಿ ದಾಟಿದರೆ ಗೋವಾದ ಪೋಳೆ, ಆಚೆ ಬ್ರಿಟಿಷ್ ಪೊಲೀಸರಿಲ್ಲ. ಮುರಗಾಂವ್ ಬಂದರಿನಲ್ಲಿ ಮೂರು ಜರ್ಮನ್ ಹಡಗು, ಒಂದು ಇಟಾಲಿಯನ್ ಹಡಗು ನಿಂತಿದ್ದವು. 1943ರ ಮಾರ್ಚ್ 9ರ ರಾತ್ರಿ ಅವು ಹೊತ್ತಿ ಉರಿದವು. ಕಲಕತ್ತೆಯಿಂದ ಬಂದ ಬ್ರಿಟಿಷರ ಗುಂಪೊಂದು ಅವುಗಳಲ್ಲಿ ಒಂದಾದ ಜರ್ಮನ್ ಹಡಗು ಏರೆನ್‌ಫೆಲ್ಸ್‌ಗೆ ನುಗ್ಗಿತ್ತು ಎಂಬುದು ಮೂರು ದಶಕಕ್ಕೂ ಹೆಚ್ಚು ಕಾಲ ಹೊರಬರಲಿಲ್ಲ. ಹಾಗಾಗಿ 1943ರ ಪಾತ್ರ ಹಡಗು ಉರಿದದ್ದನ್ನು ಹೇಳಬಹುದು, ಯಾರು ಮಾಡಿದರೆಂದು ಹೇಳಬಾರದು. ತನಗೆ ಗೊತ್ತಿರುವುದನ್ನೆಲ್ಲ ಪಾತ್ರದ ಬಾಯಲ್ಲಿ ಹಾಕುವುದು ಐತಿಹಾಸಿಕ ಕಾದಂಬರಿಯ ಅತಿ ದೊಡ್ಡ ರೋಗ.

ಅವನು ನಿಜವಾಗಿಯೂ ಗೋವಾ ಸೇರಿ ಅಲ್ಲೊಂದು ಮದುವೆ ಆಗಿದ್ದರೆ? ಪೋರ್ಚುಗೀಸ್ ಕಾನೂನಿನಲ್ಲಿ ಮದುವೆ, ಜನನ, ಮರಣ ಸಿವಿಲ್ ರಿಜಿಸ್ಟರಿಗೆ ಹೋಗುತ್ತವೆ. ದಾಖಲೆ ಪೋರ್ಚುಗೀಸಿನಲ್ಲಿ. ಇತ್ತ ಕಾರವಾರದ ಮನೆಯ ಹಳೆಯ ಕಾಗದ ಮೋಡಿ ಲಿಪಿಯ ಮರಾಠಿಯಲ್ಲಿ ಇರಬಹುದು. ಕನ್ನಡ ಶಾಲೆಯಲ್ಲಿ ಕಲಿತ ಮೊಮ್ಮಗಳಿಗೆ ಎರಡೂ ಓದಲು ಬಾರದು. ಓದಿಸಿಕೊಳ್ಳಲು ಹೊರಗಿನವರ ಬಳಿ ಹೋಗಬೇಕು, ಆಗ ಗುಟ್ಟು ಬೀದಿಗೆ ಬರುತ್ತದೆ. 1955ರ ಆಗಸ್ಟ್ ಸತ್ಯಾಗ್ರಹದ ಮೇಲೆ ಗುಂಡು ಹಾರಿದ ಬಳಿಕ ಭಾರತ ಪಣಜಿಯ ಕಾನ್ಸುಲೇಟ್ ಮುಚ್ಚಿತು, ಗಡಿ ಬಿಗಿಯಾಯಿತು. 1959ರಿಂದ ಗೋವಾದಲ್ಲಿ ಎಸ್ಕುಡೊ ಚಲಾವಣೆಗೆ ಬಂತು, ಹಳೆಯ ಒಂದು ರುಪಿಯಾಗೆ 6 ಎಸ್ಕುಡೊ. 1960ರ ಪತ್ರದಲ್ಲಿ ಆಚೆಯವನು ಸಂಬಳವನ್ನು ರುಪಿಯಾದಲ್ಲಿ ಬರೆದರೆ ತಿಳಿದವರು ಅಲ್ಲೇ ಪುಸ್ತಕ ಮುಚ್ಚುತ್ತಾರೆ.

ಕಾಗದ ಹೋದರೂ ಉಳಿಯುವುದು ಹಿತ್ತಾಳೆ, ತಾಮ್ರ. ಮದುವೆಗೆ ಕೊಟ್ಟ ಪಾತ್ರೆಯ ಕಂಠದಲ್ಲಿ ಕೊಟ್ಟವರ ಹೆಸರು, ಕೆಲವೊಮ್ಮೆ ತಾರೀಕು ಕೆತ್ತಿಸುವ ರೂಢಿ ನಮ್ಮಲ್ಲಿದೆ. ಬಚ್ಚಲ ಹಂಡೆಯ ಮಸಿ ತಿಕ್ಕಿದಾಗ ಮನೆಯಲ್ಲಿ ಯಾರೂ ಹೇಳದ ಹೆಸರೊಂದು ಕಾಣಿಸಿದರೆ, ಅದು ಅಜ್ಜನ ಮೊದಲ ಮದುವೆಯ ಸುಳಿವು.

ಸಣ್ಣ ತಪ್ಪುಗಳು ಬೇಗ ಸಿಕ್ಕಿಬೀಳುತ್ತವೆ. ಕೊಂಕಣ ರೈಲ್ವೆ ಪೂರ್ತಿಯಾದದ್ದು 1998ರಲ್ಲಿ. 1961ರಲ್ಲಿ ಕೋಡಿಬಾಗದಿಂದ ಸದಾಶಿವಗಡಕ್ಕೆ ಕಾಳಿ ಸೇತುವೆ ಇರಲಿಲ್ಲ, ದಾಟುವುದು ನೀರಿನ ಮೇಲೆಯೇ. ರೂಪಾಯಿಗೆ 16 ಆಣೆ, 1957ರ ಏಪ್ರಿಲ್ 1ರವರೆಗೆ. ನಡುವೆ ತೂತಿರುವ ಒಂದು ಪೈಸೆಯ ನಾಣ್ಯ 1943ಕ್ಕಿಂತ ಮೊದಲು ಬೇಡ. 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ನಡುವಿನವರೆಗೆ ಸರಕಾರಿ ಗಡಿಯಾರ ಒಂದು ತಾಸು ಮುಂದಿತ್ತು, ಆ ಗಡಿಯಾರದಲ್ಲಿ ಏಪ್ರಿಲಿನ ಸೂರ್ಯ ಮುಳುಗುವುದು ಏಳೂಮುಕ್ಕಾಲರ ಹತ್ತಿರ.

1961ರ ಗೋವಾ ವಿಮೋಚನೆಯ ಯುದ್ಧವನ್ನಂತೂ ಬಿಡಲೇಬಾರದು. ಅದು ನಮ್ಮ ಕಣ್ಣೆದುರಿನದು. ನವೆಂಬರ್ 17ರಂದು ಅಂಜುದೀವ್ ದ್ವೀಪದಿಂದ ಸಾಬರಮತಿ ಹಡಗಿನ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಡಿಸೆಂಬರ್ 18ರಂದು ಐಎನ್‌ಎಸ್ ತ್ರಿಶೂಲ್‌ನ ನಾವಿಕರು ದ್ವೀಪಕ್ಕೆ ಇಳಿದರು, ಏಳು ಮಂದಿ ಅಲ್ಲಿ ಪ್ರಾಣ ಬಿಟ್ಟರು. ಬಿಣಗಾ, ಅರ್ಗಾ ಕಡೆಯ ತೀರದಲ್ಲಿ ನಿಂತವರಿಗೆ ಏನು ಕೇಳಿಸಿತು, ಮೀನಿಗೆ ಹೋಗದೆ ಎಷ್ಟು ದಿನ ಕೂತರು ಎಂಬುದನ್ನು ಸೇನೆಯ ಇತಿಹಾಸದಲ್ಲಿ ಹುಡುಕಬೇಡಿ. ಆ ತೀರ ಈಗ ಸೀಬರ್ಡ್ ನೌಕಾನೆಲೆಯ ಗೋಡೆಯೊಳಗಿದೆ, ಅಲ್ಲಿದ್ದ ಮನೆಗಳೂ ಹೋಗಿವೆ. ಕಾದಂಬರಿ ಬರೆಯುವವರು ನೆಲೆ ಬರುವುದಕ್ಕೂ ಹಿಂದಿನ ಸರ್ವೇ ನಕ್ಷೆ ತೆಗೆದುಕೊಂಡು ಪುನರ್ವಸತಿ ಕಾಲೊನಿಗಳಿಗೆ ಹೋಗಿ ಕೂರಬೇಕು. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿ ಎಷ್ಟೋ ವರ್ಷಗಳಾದವು. ಈ ಬೇಸಿಗೆಯಲ್ಲೇ ಹೋಗಿ.