ಎಂಬತ್ತಕ್ಕೆ ಎಚ್ಚರವಾಗುವ ಕಾರು

ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ ದಾಟಿ ಸ್ವಲ್ಪ ಮುಂದೆ ಬಂದಿದ್ದೆವು. ಕಾರು ನನ್ನ ಸೋದರಳಿಯನನ್ನು ಗದರಿಸಿತು. ಟಿಣ್ ಟಿಣ್ ಎಂದು ಸದ್ದು ಮಾಡಿ, ಪರದೆಯ ಮೇಲೆ ಕೆಂಪು ವೃತ್ತದೊಳಗೆ 30 ಎಂದು ಬರೆದು ತೋರಿಸಿತು. ನಾನು ಆಚೀಚೆ ನೋಡಿದೆ. ಶಾಲೆಯಿಲ್ಲ, ಸಂತೆಯಿಲ್ಲ, ಮಲಗಿದ ದನವೂ ಇಲ್ಲ. ಇದ್ದದ್ದು ರಸ್ತೆ ಕಾಮಗಾರಿಯವರು ನೆಟ್ಟು, ಕೆಲಸ ಮುಗಿದ ಮೇಲೆ ಕೀಳದೆ ಬಿಟ್ಟುಹೋದ ಒಂದು ಫಲಕ. ಬಳ್ಳಿ ಹಬ್ಬಿ ಅರ್ಧ ಮುಚ್ಚಿಹೋಗಿತ್ತು. ಊರಿನವರಾರೂ ಲೆಕ್ಕಕ್ಕಿಡದ ಆ ಫಲಕವನ್ನು ಕಾರಿನ ಕ್ಯಾಮರಾ ಮಾತ್ರ ಶ್ರದ್ಧೆಯಿಂದ ಓದಿತ್ತು.

"ಸುರಕ್ಷತೆಗೆ ಮಾವ" ಎಂದ ಅಳಿಯ. ಬೆಂಗಳೂರಿನಲ್ಲಿ ಕೆಲಸ, ಹೊಸ ಕಾರು, ಅದನ್ನು ತೋರಿಸುವ ಉಮೇದು. ಸ್ಟೀರಿಂಗಿನ ಮೇಲಿನ ಗುಂಡಿಯೊಂದನ್ನು ಒತ್ತಿ, "ಈಗ ಅರವತ್ತಕ್ಕೆ ಮಿತಿ ಹಾಕಿದ್ದೇನೆ. ಆಕ್ಸಿಲರೇಟರ್ ಒತ್ತಿದರೂ ಮೇಲೆ ಹೋಗುವುದಿಲ್ಲ ನೋಡಿ" ಎಂದ.

"ಪೂರ್ತಿ ಒತ್ತಿದರೆ?"

"ಪೂರ್ತಿ ಒತ್ತಿದರೆ ಬಿಟ್ಟುಬಿಡುತ್ತದೆ. ತುರ್ತಿಗೆ ಬೇಕಲ್ಲ."

ನಮ್ಮ ದೇಶದಲ್ಲಿ ಯಾರಿಗೆ ತುರ್ತಿಲ್ಲ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಸುಮ್ಮನಿದ್ದದ್ದನ್ನು ಮೆಚ್ಚುಗೆ ಎಂದುಕೊಂಡ ಅವನು, "ನೀವು ಆಗಾಗ ಪತ್ರಿಕೆಗೆ ಬರೆಯುತ್ತೀರಲ್ಲ ಮಾವ, ಇದರ ಸಾಧಕ ಬಾಧಕಗಳ ಬಗ್ಗೆ ಬರೆಯಿರಿ" ಎಂದ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಾಧಕ. ವೇಗ ಎರಡು ಪಟ್ಟಾದರೆ ಗುದ್ದುವ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂದು ಹೈಸ್ಕೂಲಿನಲ್ಲೇ ಕಲಿಸಿದ್ದಾರೆ. ಆದ್ದರಿಂದ ನಿಧಾನವಾಗಿ ಹೋಗುವುದು ಒಳ್ಳೆಯದು, ತಾನಾಗಿ ನಿಧಾನಿಸದವನನ್ನು ಯಂತ್ರ ನಿಧಾನಿಸಿದರೂ ಒಳ್ಳೆಯದೇ. ಇದಕ್ಕೆ ಎದುರು ಮಾತಿಲ್ಲ. ಸಾಧಕ ಮುಗಿಯಿತು.

ಬಾಧಕಕ್ಕೆ ಬಂದರೆ, ಮೊದಲು ಶೀರ್ಷಿಕೆಯ ಆ ಎಂಬತ್ತರ ವಿಚಾರ ಇತ್ಯರ್ಥವಾಗಬೇಕು. 2019ರ ಜುಲೈಯಿಂದ ದೇಶದ ಎಲ್ಲ ಹೊಸ ಕಾರುಗಳೂ ಗಂಟೆಗೆ 80 ಕಿಲೋಮೀಟರ್ ದಾಟಿದರೆ ಆಗಾಗ ಒಮ್ಮೆ, 120 ದಾಟಿದರೆ ಬಿಡದೆ ಕೂಗಬೇಕು ಎಂಬ ನಿಯಮವಿದೆ. ಸರಿ. ಆದರೆ ಅದಕ್ಕೆ ಒಂದು ವರ್ಷ ಮೊದಲು, 2018ರಲ್ಲಿ, ಅದೇ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ ನಡುವೆ ವಿಭಜಕವಿಲ್ಲದ ಸಾಧಾರಣ ರಸ್ತೆಗಳಲ್ಲಿ ಕಾರಿನ ಗರಿಷ್ಠ ವೇಗ 70. ಮಲೆನಾಡಿನ ಬಹುಪಾಲು ರಸ್ತೆಗಳು ಈ ಸಾಧಾರಣದ ಪಂಗಡಕ್ಕೇ ಸೇರಿದವು. ಎಪ್ಪತ್ತೊಂದರಿಂದ ಎಂಬತ್ತರವರೆಗೆ ನೀವು ಕಾನೂನು ಮುರಿಯುತ್ತಿರುತ್ತೀರಿ, ಕಾರು ತುಟಿ ಬಿಚ್ಚುವುದಿಲ್ಲ. ಎಂಬತ್ತಾದ ಮೇಲೆ ಅದಕ್ಕೆ ಎಚ್ಚರವಾಗುತ್ತದೆ. ಹಾಗೆಂದು ಎಂಬತ್ತು ಮುಟ್ಟಲು ನಮ್ಮ ಕಡೆ ಜಾಗವಾದರೂ ಎಲ್ಲಿದೆ? ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ತಿರುವು, ತಿರುವು ಇಲ್ಲದ ಕಡೆ ಹೊಂಡ, ಹೊಂಡ ಮುಚ್ಚಿದ ಕಡೆ ಹಂಪ್. ಮಳೆಗಾಲದ ರಾತ್ರಿಯಾದರೆ ಡಾಂಬರಿನ ಮೇಲೆ ಮೆಲುಕು ಹಾಕುತ್ತ ಮಲಗಿದ ಮಲೆನಾಡು ಗಿಡ್ಡ ತಳಿಯ ದನ. ನೀವು ಹಾರ್ನ್ ಹೊಡೆದರೆ ಅದು ಕಿವಿಯನ್ನಷ್ಟೇ ಅಲ್ಲಾಡಿಸುತ್ತದೆ.

ಯುರೋಪಿನವರದು ಇನ್ನೂ ಒಂದು ಹೆಜ್ಜೆ ಮುಂದೆ. 2024ರ ಜುಲೈಯಿಂದ ಅಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳೂ ರಸ್ತೆ ಬದಿಯ ಫಲಕವನ್ನೋ ನಕ್ಷೆಯನ್ನೋ ನೋಡಿ ಆ ಜಾಗದ ವೇಗಮಿತಿಯನ್ನು ತಿಳಿದುಕೊಂಡು ಚಾಲಕನನ್ನು ಎಚ್ಚರಿಸಬೇಕು. ಬೇಡವೆಂದರೆ ಆರಿಸಿಡಬಹುದು. ಆದರೆ ಮತ್ತೆ ಎಂಜಿನ್ ಚಾಲೂ ಮಾಡಿದಾಗ ಅದು ತಾನಾಗಿ ಎದ್ದು ಕೂರುತ್ತದೆ. ಫಲಕ ಸರಿಯಿರುವ ಊರಿಗೆ ಇದು ಸರಿಯೇ. ಕಿತ್ತುಹೋದ, ತಿರುಗಿ ನಿಂತ, ಅಭ್ಯರ್ಥಿಯ ಭಿತ್ತಿಪತ್ರ ಅಂಟಿಸಿದ ಫಲಕಗಳ ಊರಿನಲ್ಲಿ ಅದು ಏನನ್ನು ಓದಬೇಕು?

ನನ್ನ ದೊಡ್ಡಪ್ಪನ ಜೀಪಿನಲ್ಲೂ ಒಂದು ವೇಗ ನಿಯಂತ್ರಕವಿತ್ತು. ಅದಕ್ಕೆ ಫಲಕ ಬೇಕಿರಲಿಲ್ಲ. ಅದು ದೊಡ್ಡಮ್ಮನ ಮಡಿಲಲ್ಲಿ ಕೂರುತ್ತಿದ್ದ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಯ ಭರಣಿ.

ದೊಡ್ಡಪ್ಪನ ಮನೆ ಇದ್ದದ್ದು ತೀರ್ಥಹಳ್ಳಿಯಿಂದ ಕೋಣಂದೂರಿಗೆ ಹೋಗುವ ದಾರಿಯಲ್ಲಿ, ಒಳಕ್ಕೆ. ಮಗಳನ್ನು ಕೊಟ್ಟದ್ದು ಶಿವಮೊಗ್ಗಕ್ಕೆ. ಪೇಟೆಯಲ್ಲಿ ಸಿಗುವ ಉಪ್ಪಿನಕಾಯಿಯನ್ನು ಮಗಳು ತಿನ್ನುವುದು ದೊಡ್ಡಮ್ಮನ ಮಟ್ಟಿಗೆ ಮನೆತನದ ಮರ್ಯಾದೆಯ ಪ್ರಶ್ನೆ. ಆದ್ದರಿಂದ ವರ್ಷಕ್ಕೊಮ್ಮೆ ಭರಣಿಯ ಸವಾರಿ ಹೊರಡುತ್ತಿತ್ತು. ಅದರ ಹಿಂದಿನ ಕೆಲಸವನ್ನೂ ಹೇಳಬೇಕು, ಇಲ್ಲವಾದರೆ ಭರಣಿಯ ಬೆಲೆ ತಿಳಿಯುವುದಿಲ್ಲ. ಹೊಳೆಯಂಚಿನ ಮರದಿಂದ ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕು. ನೆಲಕ್ಕೆ ಬಿದ್ದದ್ದು ನಡೆಯುವುದಿಲ್ಲ, ಪೆಟ್ಟಾದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸುತ್ತದೆ. ತೊಟ್ಟು ಬುಡದಿಂದ ಕಿತ್ತುಬಂದರೆ ಸೊನೆ ಹರಿದುಹೋಗುತ್ತದೆ, ಸೊನೆ ಹೋದರೆ ಪರಿಮಳ ಹೋಯಿತು. ತೊಳೆದು, ಪಸೆ ಇಲ್ಲದಂತೆ ಒರೆಸಿ, ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಹಾಕಿ ಮೇಲೆ ಭಾರ ಹೇರಿದರೆ, ಮಿಡಿ ನೀರು ಬಿಟ್ಟುಕೊಂಡು ಮುದುಕಿಯ ಕೆನ್ನೆಯಂತೆ ಸುಕ್ಕುಗಟ್ಟುತ್ತದೆ. ಆ ನೀರನ್ನೇ ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಒಣಮೆಣಸು, ಅರಿಸಿನ ಅರೆದು ಬೆರೆಸುವುದು. ಹಸಿ ನೀರು ಸೋಕಕೂಡದು. ಮಕ್ಕಳಂತೂ ಆ ಕೋಣೆಯ ಹೊಸ್ತಿಲು ದಾಟಕೂಡದು. ಈಗ ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಿದೆ ಎಂದು ಎಲ್ಲರೂ ಬೀಗುತ್ತಾರೆ. ಹೊಳೆದಂಡೆಯ ಆ ಮರಗಳನ್ನು ಉಳಿಸಿಕೊಂಡವರು ಎಷ್ಟು ಮಂದಿ ಎಂದು ಕೇಳಿದರೆ ಮಾತು ಬೇರೆ ಕಡೆಗೆ ತಿರುಗುತ್ತದೆ. ಇರಲಿ.

ಹೊರಡುವ ಬೆಳಗ್ಗೆ ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮಡಿಲಲ್ಲಿ ಸಿಂಬಿ ಇಟ್ಟು, ಅದರ ಮೇಲೆ ಭರಣಿಯನ್ನು ಕೂರಿಸಿಕೊಂಡು ದೊಡ್ಡಮ್ಮ ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ಹಿಂದೆ ಬಾಳೆಗೊನೆ, ತೆಂಗಿನಕಾಯಿ ಚೀಲ, ಅವುಗಳ ಸಂದಿಯಲ್ಲಿ ನಾವು ಹುಡುಗರು. ಜೀಪಿನ ಸ್ಪೀಡೋಮೀಟರಿನ ಮುಳ್ಳು ಎಂದೋ ಮಲಗಿತ್ತು. ಅದನ್ನು ಎಬ್ಬಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ, ಏಕೆಂದರೆ ಬಟ್ಟೆ ಇತ್ತು. ತಿರುವಿನಲ್ಲಿ ಜೀಪು ತುಸು ಜೋರಾದರೆ ಭರಣಿಯ ರಸ ಬಟ್ಟೆಗೆ ತಾಗುತ್ತಿತ್ತು, ಬಿಳಿಯಲ್ಲಿ ಹಳದಿ ಕಲೆ ಮೂಡುತ್ತಿತ್ತು. "ಇವರೇ, ಬಟ್ಟೆ ಒದ್ದೆಯಾಯಿತು" ಎನ್ನುತ್ತಿದ್ದರು ದೊಡ್ಡಮ್ಮ. ಧ್ವನಿ ಏರಿಸಿದವರಲ್ಲ. ದೊಡ್ಡಪ್ಪ, ಗ್ರಾಮ ಪಂಚಾಯಿತಿಯಲ್ಲಿ ಯಾರ ಮಾತನ್ನೂ ಕೇಳದ ದೊಡ್ಡಪ್ಪ, ತಕ್ಷಣ ಕಾಲು ಎತ್ತುತ್ತಿದ್ದರು.

ಇದರ ಸೂಕ್ಷ್ಮವನ್ನು ಗಮನಿಸಿ. ನೇರ ರಸ್ತೆಯಲ್ಲಿ ಭರಣಿಗೆ ವೇಗದ ಬಗ್ಗೆ ತಕರಾರಿರಲಿಲ್ಲ. ಗಾಜನೂರಿನ ಹತ್ತಿರ ರಸ್ತೆ ಸಪಾಟಾಗಿ ಸಿಕ್ಕರೆ ದೊಡ್ಡಪ್ಪ ಎಷ್ಟು ಬೇಕಾದರೂ ಓಡಿಸಬಹುದಿತ್ತು, ಬಟ್ಟೆ ಒಣಗಿಯೇ ಇರುತ್ತಿತ್ತು. ಹೊಂಡ ಬಂದರೆ, ಬ್ರೇಕ್ ದಡಕ್ಕನೆ ಬಿದ್ದರೆ, ತಿರುವು ಕಡಿದಾದರೆ ಮಾತ್ರ ದೂರು. ಸಕ್ರೆಬೈಲಿನ ಬಳಿ ಒಮ್ಮೆ ಬಿಡಾರದ ಆನೆಯೊಂದು ಸ್ನಾನ ಮುಗಿಸಿ ರಸ್ತೆ ದಾಟಿತು. ದೊಡ್ಡಪ್ಪ ಬ್ರೇಕ್ ಒತ್ತಿದರು. ಬಾಳೆಗೊನೆ ನಮ್ಮ ಮೇಲೆ ಬಿತ್ತು, ತಮ್ಮನ ಹಣೆ ಊದಿತು. ಹಿಂದೆ ತಿರುಗಿ ನಮ್ಮನ್ನು ನೋಡುವ ಮೊದಲು ದಂಪತಿಗಳಿಬ್ಬರೂ ನೋಡಿದ್ದು ಬಟ್ಟೆಯನ್ನು. ಆ ಕಲೆಯ ಮೇಲೆ ಶಿವಮೊಗ್ಗದವರೆಗೂ ಚರ್ಚೆ ನಡೆಯಿತು. ಬೀಗರ ಮನೆಯ ಅಂಗಳದಲ್ಲಿ ಇಳಿಯುವ ಮುನ್ನ ದೊಡ್ಡಮ್ಮ ಚೀಲದಿಂದ ಬೇರೆ ಬಿಳಿ ಬಟ್ಟೆಯೊಂದನ್ನು ತೆಗೆದು ಕಟ್ಟಿದರು. ದೊಡ್ಡಪ್ಪನ ಮುಖ ನೋಡಬೇಕಿತ್ತು. ಹೆಚ್ಚುವರಿ ಬಟ್ಟೆ ಇದೆಯೆಂದು ಮೊದಲೇ ಗೊತ್ತಿದ್ದರೆ ಅಷ್ಟು ವರ್ಷ ತಾನು ಎಷ್ಟು ಬೇಗ ಬರಬಹುದಿತ್ತು ಎಂದು ಲೆಕ್ಕ ಹಾಕುತ್ತಿದ್ದರೇನೋ.

ಅಳಿಯನಿಗೆ ಇದನ್ನೆಲ್ಲ ಹೇಳಿದೆ. "ನಿಮ್ಮ ಭರಣಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಇಲ್ಲ ಮಾವ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಯಾರನ್ನು ನಿಧಾನಿಸಬೇಕೋ ಅವರನ್ನು ಈ ಯಂತ್ರಗಳು ನಿಧಾನಿಸುತ್ತಿಲ್ಲ ಎಂಬುದೇ ನನ್ನ ಸಿಟ್ಟು. ಹೊಸ ಲಾರಿ, ಬಸ್ಸುಗಳಿಗೆ ವೇಗ ನಿಯಂತ್ರಕ ಕಡ್ಡಾಯವಾಗಿ ಹತ್ತು ವರ್ಷಕ್ಕೆ ಮೇಲಾಯಿತು. ಸಾಮಾನ್ಯ ವಾಹನಕ್ಕೆ ಎಂಬತ್ತು, ಟಿಪ್ಪರಿಗೂ ಶಾಲಾ ಬಸ್ಸಿಗೂ ಅರವತ್ತು. ಜಲ್ಲಿ ತುಂಬಿದ ಟಿಪ್ಪರೊಂದು ನಿಮ್ಮ ಕನ್ನಡಿಯಲ್ಲಿ ಕಾಣಿಸಿ, ಕನ್ನಡಿ ತುಂಬಿ, ಹಾರ್ನಿನಿಂದಲೇ ನಿಮ್ಮನ್ನು ಚರಂಡಿಗೆ ತಳ್ಳಿ ಹೋದಾಗ ಆ ಅರವತ್ತು ಎಲ್ಲಿರುತ್ತದೆ? ಎಫ್‌ಸಿಗೆ, ಅಂದರೆ ವಾಹನದ ಅರ್ಹತಾ ತಪಾಸಣೆಗೆ, ಹೋಗುವ ದಿನ ನಿಯಂತ್ರಕದ ತಂತಿ ಜೋಡಿಸುತ್ತಾರೆ, ಬಂದ ದಿನ ಕೀಳುತ್ತಾರೆ ಎಂದು ಗ್ಯಾರೇಜಿನವರೇ ಹೇಳುತ್ತಾರೆ, ಗುಟ್ಟೆಂದೂ ಭಾವಿಸದೆ. ಸರ್ಕಾರ ಚಾಪೆಯ ಕೆಳಗೆ ತೂರಿದರೆ ನಾವು ರಂಗೋಲಿಯ ಕೆಳಗೆ ತೂರುತ್ತೇವೆ. ಸೀಟ್ ಬೆಲ್ಟಿನದೂ ಇದೇ ಕತೆ. ಬೆಲ್ಟ್ ಹಾಕದಿದ್ದರೆ ಕಾರು ಕೂಗುತ್ತದೆಂದು, ಬೆಲ್ಟಿನ ಬದಲು ಸಿಕ್ಕಿಸಿ ಸದ್ದಡಗಿಸುವ ಬರಿಯ ಕೊಂಡಿಯನ್ನಷ್ಟೇ ಮಾಡಿ ಮಾರಿದರು, ಜನ ಕೊಂಡರು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶ ಹೊರಡಿಸಿ ಆ ಕೊಂಡಿಗಳನ್ನು ತೆಗೆಸಬೇಕಾಯಿತು. ಜೀವ ಉಳಿಸುವ ಪಟ್ಟಿಯನ್ನು ಎಳೆದುಕೊಳ್ಳುವ ಶ್ರಮ ತಪ್ಪಿಸಲು ದುಡ್ಡು ಕೊಟ್ಟು ಸುಳ್ಳು ಕೊಂಡಿ ತರಿಸಿಕೊಳ್ಳುವವರ ಕಾರಿಗೆ ಇನ್ನೆಂಥ ಗಂಟೆ ಕಟ್ಟೋಣ?

ಕೊನೆಗೆ ಎಲ್ಲ ಟಿಣ್ ಟಿಣ್ ಕೇಳಬೇಕಾದವನು, ಬೆಲ್ಟ್ ಹಾಕಿಕೊಂಡು ನಲವತ್ತರಲ್ಲಿ ಹೋಗುವ ನನ್ನಂಥವನು.

ಇನ್ನು ಘಾಟಿ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ, ಆಷಾಢದ ಮಂಜಿನಲ್ಲಿ, ಇಪ್ಪತ್ತು ಕೂಡ ಹೆಚ್ಚಾಗುವ ಗಳಿಗೆಗಳುಂಟು. ಅಲ್ಲಿ ಯಾವ ಕಾರೂ ಕೂಗುವುದಿಲ್ಲ. ಎಂಬತ್ತಕ್ಕೆ ಇನ್ನೂ ಅರವತ್ತು ಬಾಕಿ ಇರುತ್ತದಲ್ಲ! ಶನಿವಾರ, ಭಾನುವಾರ ಅಲ್ಲಿ ಹೋಗಿ ನೋಡಿ. ಏರು ಹತ್ತುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕು ಎಂಬುದು ಕಾನೂನು. ಮಲೆನಾಡಿನ ಬಸ್ ಚಾಲಕರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಸೂರ್ಯಾಸ್ತಕ್ಕೆಂದು ಬಂದ ದೊಡ್ಡ ಕಾರುಗಳ ಸವಾರರು ತಿರುವಿನ ನಟ್ಟನಡುವೆ ಮೂತಿ ತೂರಿಸಿ ನಿಲ್ಲುತ್ತಾರೆ. ಹಿಂದೆ ಸರಿಯಲು ಬರುವುದಿಲ್ಲ, ಮುಂದೆ ಹೋಗಲು ಜಾಗವಿಲ್ಲ. ಕಿಟಕಿ ಇಳಿಸಿ, ಏರು ಹತ್ತಿ ಬಂದ ಬಸ್ಸಿನವನಿಗೇ ಹಿಂದಕ್ಕೆ ಹೋಗು ಎಂದು ಕೈ ಬೀಸುತ್ತಾರೆ. ಇವರಲ್ಲಿ ಒಬ್ಬರೂ ವೇಗದ ಮಿತಿ ಮೀರಿದವರಲ್ಲ. ಕಾರಿನ ಕಂಪ್ಯೂಟರಿನ ಲೆಕ್ಕದಲ್ಲಿ ಎಲ್ಲರೂ ಸಜ್ಜನರೇ.

ಏರಿ ಬರುವವನಿಗೆ ದಾರಿ ಬಿಡದಿದ್ದರೆ ಕೂಗುವ ಯಂತ್ರವನ್ನು ಯಾರಾದರೂ ಕಂಡುಹಿಡಿಯಲಿ. ಅದು ಕಿವಿ ಕಿವುಡಾಗುವಷ್ಟು ಅರಚಿದರೂ ನನ್ನದೇನೂ ತಕರಾರಿಲ್ಲ. ಅಳಿಯನ ಕಾರಿಗೆ ಮೊದಲನೆಯದನ್ನು ನಾನೇ ನನ್ನ ಅಡಿಕೆ ದುಡ್ಡಿನಲ್ಲಿ ಹಾಕಿಸಿಕೊಡುತ್ತೇನೆ.