ಪೊರಕೆ ಇರುವಾಗ ಸೇತುವೆ ಯಾಕೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುವವನಿಗೆ ಡ್ರ್ಯಾಗನ್ ಒಂದು ತಲೆನೋವೇ ಅಲ್ಲ. ತಲೆನೋವು ಪೊರಕೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮೇಜಿನ ಸುತ್ತ ಕೂತು ಆಡುವ ಕಥೆಯಾಟ, 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಡಂಜನ್ ಮಾಸ್ಟರ್ (ಡಿಎಂ) ಅನ್ನೋನು ಕಥೆ ಕಟ್ಟುತ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿದು ಅದನ್ನು ಕೆಡಿಸುತ್ತಾರೆ. ನಮ್ಮ ಗುಂಪಿನಲ್ಲಿ ಕಟ್ಟುವ ಕೆಲಸ ನನ್ನದು. ರಾಕ್ಷಸರನ್ನು ಹೊಡೆದ ಮೇಲೆ ಇವರಿಗೆ ಏನಾದರೂ ಬಹುಮಾನ ಕೊಡಬೇಕಲ್ಲ, ಅಲ್ಲೇ ಶುರು ಗ್ರಹಚಾರ.

ಹೊಸದಾಗಿ ಆಡಿಸುವವರು ಮಂತ್ರದ ಕತ್ತಿಗೆ ಹೆದರುತ್ತಾರೆ. ಸುಮ್ನೆ ಹೆದರಿಕೆ. ಏಟು ತಗಲಿತಾ ಅಂತ ನೋಡೋಕೆ ಇಪ್ಪತ್ತು ಮುಖದ ಡೈಸ್ ಉರುಳಿಸುತ್ತೇವೆ; ಪ್ಲಸ್ ಒನ್ ಕತ್ತಿ ಇದ್ದರೆ ಬಿದ್ದ ಸಂಖ್ಯೆಗೆ ಒಂದು ಸೇರಿಸೋದು, ಅಂದರೆ ಏಟು ತಗಲುವ ಸಾಧ್ಯತೆ ಶೇ. 5 ಜಾಸ್ತಿ, ಪ್ಲಸ್ ಥ್ರೀ ಅಂದರೂ ಶೇ. 15. ರಾಕ್ಷಸನಿಗೆ ಒಂದಿಷ್ಟು ಪ್ರಾಣ ಜಾಸ್ತಿ ಹಾಕಿದರೆ ಲೆಕ್ಕ ಚುಕ್ತಾ. 2014ರ ನಿಯಮ ಪುಸ್ತಕದಲ್ಲಿ ಹಾರುವ ಪೊರಕೆಯನ್ನೂ ಪ್ಲಸ್ ಒನ್ ಕತ್ತಿಯ ದರ್ಜೆಯಲ್ಲೇ, ಅನ್‌ಕಾಮನ್, ಅಂದರೆ ಸ್ವಲ್ಪವೇ ಅಪರೂಪ, ಅಂತ ಇಟ್ಟಿದ್ದಾರೆ. ಇಟ್ಟ ಪುಣ್ಯಾತ್ಮ ಯಾವತ್ತೂ ಕಂದಕದ ಮೇಲೆ ಸೇತುವೆ ಕಟ್ಟಿ, ಅದರ ಕೆಳಗೆ ಟ್ರೋಲ್ ಅನ್ನೋ ರಾಕ್ಷಸರನ್ನು ಅಡಗಿಸಿಟ್ಟು, ರಾತ್ರಿಯೆಲ್ಲ ಕೂತು ನಕ್ಷೆ ಬರೆದಿರಲಿಕ್ಕಿಲ್ಲ.

ನಾನು ಬರೆದಿದ್ದೆ. ಹಗ್ಗದ ಸೇತುವೆ, ಕೊಳೆತ ಹಲಗೆ, ಗಾಳಿ, ಮಂಜು, ಎಲ್ಲ ವರ್ಣಿಸಿ ಮುಗಿಸಿದೆ. ರೋಗ್, ಅಂದರೆ ಕೈಚಳಕದ ಪಾತ್ರ ಹಿಡಿದವನು, ಚಿಪ್ಸ್ ಅಗಿಯುತ್ತಾ, "ಪೊರಕೆ ಇದೆಯಲ್ಲ ಗುರು" ಅಂದ.

ಆ ಪೊರಕೆಯನ್ನು ಅವನಿಗೆ ದಯಪಾಲಿಸಿದ್ದು ಬಹುಮಾನದ ಪಟ್ಟಿ ನೋಡಿ ಉರುಳಿಸಿದ ಡೈಸ್, ನಾನಲ್ಲ. ಅದು 400 ಪೌಂಡ್ ಹೊರುತ್ತದೆ. ಅದೂ ಸಾಲದು ಅಂತ, ಒಂದು ಮಾತು ಹೇಳಿದರೆ ಒಂದು ಮೈಲಿಯೊಳಗೆ ತಾನೇ ಹೋಗಿ, ಇನ್ನೊಂದು ಮಾತಿಗೆ ತಾನೇ ವಾಪಸ್ ಬರುತ್ತದೆ. ಅಂದರೆ ಒಬ್ಬೊಬ್ಬರನ್ನೇ ಆಚೆ ದಡಕ್ಕೆ ಇಳಿಸಬಹುದು. ಕೊನೆಯ ಆಸೆಯಿಂದ "ಫೈಟರ್ ಭಾರ ಎಷ್ಟು?" ಅಂತ ಕೇಳಿದೆ. ಮಂತ್ರವಾದಿಯ ಪಾತ್ರದ ವಿಝರ್ಡ್ ಆಗಲೇ ಮೊಬೈಲ್ ತೆಗೆದಿದ್ದ. ಮನುಷ್ಯ ತೊಂಬತ್ತು ಕಿಲೋ, ಅಂದರೆ ಸುಮಾರು 198 ಪೌಂಡ್, ಉಕ್ಕಿನ ಕವಚ 65, ಒಟ್ಟು 263. "ಇನ್ನೂ ಒಂದು ಮೇಕೆ ಹತ್ತಿಸಬಹುದು" ಅಂದ. ವೇಗ 50 ಅಡಿಯಿಂದ 30ಕ್ಕೆ ಇಳಿಯಿತು, ಅಷ್ಟೇ ನನಗೆ ಸಿಕ್ಕ ಸಮಾಧಾನ. ಟ್ರೋಲ್‌ಗಳು ಇವತ್ತಿಗೂ ಅಲ್ಲೇ ಕೆಳಗೆ ಕೂತಿವೆ, ಪಾಪ.

ಕಳ್ಳನ ಕೈಲಿ ಪೊರಕೆ ಕದಿಸಿಬಿಡು ಅಂತ ಸಲಹೆ ಕೊಡುವವರಿದ್ದಾರೆ. ಅವರಿಗೆ ಆಟಗಾರರ ಹಟ ಗೊತ್ತಿಲ್ಲ. ರಾಜಕುಮಾರಿ ಸೆರೆಯಲ್ಲಿ ಕೊಳೆತರೂ ಪರವಾಗಿಲ್ಲ, ಆ ಕಳ್ಳನನ್ನು ಹುಡುಕಿಕೊಂಡು ಖಂಡ ದಾಟುತ್ತಾರೆ. ನಾನು ಹಾಗೆ ಮಾಡಲಿಲ್ಲ, ಮುಂದಿನ ವಾರದಿಂದ ಕಂಡಕಂಡ ಕುಳ್ಳ ರಾಕ್ಷಸ ಗಾಬ್ಲಿನ್ ಕೈಗೆಲ್ಲ ಬಿಲ್ಲು ಕೊಟ್ಟೆ. "ಈ ಸೀಮೆಯಲ್ಲಿ ಬಿಲ್ಲಿಗೇನು ಸಬ್ಸಿಡಿ ಇದೆಯಾ?" ಅಂತ ಕೇಳಿದರು.

ಇನ್ನು ಹಂಚಿಕೆ. ಅಣ್ಣತಮ್ಮಂದಿರ ಆಸ್ತಿ ಪಾಲೂ ಇಷ್ಟು ಕಹಿಯಾಗಿರುವುದಿಲ್ಲ. ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಮಂತ್ರದ ವಸ್ತುಗಳ ಜೊತೆ ಅಟ್ಯೂನ್ ಆಗೋಕೆ, ಅಂದರೆ ಅವುಗಳ ಶಕ್ತಿ ತನ್ನದಾಗಿಸಿಕೊಳ್ಳೋಕೆ, ಬರಲ್ಲ ಅನ್ನೋ ನಿಯಮ ಇಲ್ಲದಿದ್ದರೆ ನಮ್ಮ ವಿಝರ್ಡ್ ಹತ್ತು ಬೆರಳಿಗೂ ಉಂಗುರ ಹಾಕಿಕೊಂಡು ಕೂತಿರುತ್ತಿದ್ದ. ಪೊರಕೆಗೆ ಆ ನಿಯಮವೂ ಇಲ್ಲ ಅನ್ನೋದು ಬೇರೆ ಮಾತು. ಹಾಗಂತ ಕೊಟ್ಟಿದ್ದನ್ನೆಲ್ಲ ಬಳಸುತ್ತಾರಾ? ಗಾಯ ಮಾಯಿಸುವ ಔಷಧಿ ಸೀಸೆಗಳನ್ನು ಒಬ್ಬರೂ ಮುಟ್ಟಲ್ಲ. "ಕಷ್ಟಕಾಲಕ್ಕೆ ಇರಲಿ" ಅಂತ ಚೀಲ ತುಂಬ ಇಟ್ಟುಕೊಂಡು, ಆ ಚೀಲದ ಸಮೇತ ಸಾಯುತ್ತಾರೆ.

ಈ ಗಲಾಟೆಯಲ್ಲಿ ಪೂಜಾರಿಯ ಪಾತ್ರದ ಕ್ಲೆರಿಕ್‌ಗೆ ಏನೂ ಸಿಕ್ಕಿರಲಿಲ್ಲ. ಎಲ್ಲರನ್ನೂ ಬದುಕಿಸೋದು ಅವನು, ಉಡುಗೊರೆ ಮಾತ್ರ ಪಕ್ಕದವನಿಗೆ. "ನಂಗೇನೂ ಇಲ್ವಾ?" ಅಂತ ಮುಖ ಊದಿಸಿಕೊಂಡ. ನ್ಯಾಯವೇ. ಕಳೆದ ಭಾನುವಾರ ಅವನ ಹೆಸರಲ್ಲೇ ಡೈಸ್ ಉರುಳಿಸಿದೆ, ಇಮ್ಮೂವಬಲ್ ರಾಡ್ ಬಂತು. ಒಂದು ಕಬ್ಬಿಣದ ಕೋಲು. ಗುಂಡಿ ಒತ್ತಿದರೆ ಇದ್ದಲ್ಲೇ, ಗಾಳಿಯಲ್ಲಾದರೂ ಸರಿ, ಗಟ್ಟಿಯಾಗಿ ನಿಂತುಬಿಡುತ್ತದೆ, 8000 ಪೌಂಡ್ ತನಕ ಅಲ್ಲಾಡಲ್ಲ. ನಿರುಪದ್ರವಿ ಅಂದುಕೊಂಡು ಖುಷಿಯಾಗಿ ಕೊಟ್ಟೆ.

ಕ್ಲೆರಿಕ್ ಆ ಕೋಲಿನ ವಿವರವಿದ್ದ ಕಾರ್ಡ್ ಎರಡು ಸಲ ಓದಿದ. ರೋಗ್ ಕಡೆ ನೋಡಿದ. ಆಮೇಲೆ ಬಹಳ ವಿನಯದಿಂದ, "ಡಿಎಂ ಸಾರ್, ಡ್ರ್ಯಾಗನ್ ಇದನ್ನ ನುಂಗಿದ ಮೇಲೆ ಗುಂಡಿ ಒತ್ತಿದ್ರೆ ಏನಾಗುತ್ತೆ?" ಅಂದ.

ಟೀ ಮಾಡ್ಕೊಂಡು ಬರ್ತೀನಿ ಅಂತ ನಾನು ಎದ್ದೆ.